ಮಾವನವರು ಕಟ್ಟಿದ ಮೊಲದ ಮನೆ

ನಮ್ಮ ಮಾವನವರು ಯಾರನ್ನೂ ನಂಬುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಬ್ಬರನ್ನು ನಂಬುತ್ತಿದ್ದರು. ಆ ಇಬ್ಬರೂ ಮೊಲಗಳು! ಉಳಿದಂತೆ ಗಾಣದವನು ಎಣ್ಣೆ ಕದಿಯುತ್ತಾನೆ, ಕ್ಷೌರದವನು ಬೇಕೆಂದೇ ಒಂದು ಕಡೆಯ ಮೀಸೆ ಗಿಡ್ಡ ಮಾಡುತ್ತಾನೆ, ಕಟ್ಟಿಕೊಂಡ ಹೆಂಡತಿಯೇ ಮುದ್ದೆಯ ಗಾತ್ರ ಇಳಿಸುತ್ತಿದ್ದಾಳೆ ಎಂದು ಎಲ್ಲರ ಮೇಲೂ ಅನುಮಾನ.

ನಾನು ಜಡಿಗೇನಹಳ್ಳಿ ಕಡೆಯಿಂದ ಕುಂದಾಣಕ್ಕೆ ಸೊಸೆಯಾಗಿ ಬಂದ ವರ್ಷವೇ ಆ ಮೊಲಗಳೂ ಬಂದವು. ದೇವನಹಳ್ಳಿಯ ಜವಳಿ ಅಂಗಡಿಯ ಸಾಹೇಬರು ಪ್ರೀತಿಯಿಂದ ಕೊಟ್ಟ ಬಿಳಿಯ ಜೋಡಿ. ಬಂದ ವಾರದಲ್ಲೇ ಮಾವನವರು ನನ್ನನ್ನು ವಿಚಾರಣೆಗೆ ನಿಲ್ಲಿಸಿದರು.

"ಏನಮ್ಮಾ, ನಿಮ್ಮ ಕಡೆಯೋರು ಮೊಲ ಹೊಡೀತಾರಂತೆ?"

"ಅದು ಕಾಡುಮೊಲ, ಮಾವಾ."

"ಹೊಡೆಯೋ ಕೈಗೆ ಕಾಡೇನು, ಊರೇನು?"

ಅಂದಿನಿಂದ ನಾನು ಕರಿಬೇವು ಕೀಳಲು ಹಿತ್ತಲಿಗೆ ಹೋದರೂ ಬೆನ್ನ ಹಿಂದೆ ಕೆಮ್ಮು ಕೇಳಿಸುತ್ತಿತ್ತು. ಕರಿಬೇವು ಒಗ್ಗರಣೆಗೆ ತಾನೇ? ಒಗ್ಗರಣೆ ಯಾವುದಕ್ಕೆ?

ಮೊಲಗಳಿಗೆ ಮನೆ ಕಟ್ಟುವ ಕೆಲಸ ಮೂರು ತಿಂಗಳು ನಡೆಯಿತು. ಮೊದಲು ಬಿದಿರು ತಟ್ಟಿಯ ಗೂಡು. ಮುಂಗುಸಿ ನುಗ್ಗೀತೆಂದು ಕಿತ್ತರು. ಆಮೇಲೆ ಮಣ್ಣಿನ ಗೋಡೆ. ಬಿಸಿಲಿಗೆ ಕಾಯುತ್ತದೆಂದು ಅದನ್ನೂ ಕೆಡವಿದರು. ಕೊನೆಗೆ ಹೊಂಗೆ ಮರದ ನೆರಳಲ್ಲಿ ನೆಲಕ್ಕೆ ಅಂಗೈ ಒತ್ತಿ, "ತಂಪಿರೋದು ಕೆಳಗೆ" ಎಂದು ತೀರ್ಮಾನಿಸಿ, ಆಳುಗಳನ್ನು ನಂಬದೆ ತಾವೇ ಎದೆಮಟ್ಟದ ಗುಂಡಿ ತೋಡಿದರು. ಒಳಗೆ ಮಲಗಲು ಒಂದು ಕೋಣೆ, ಬಾಣಂತನಕ್ಕೆ ಪಕ್ಕದ ಕಿಂಡಿಯಿಂದ ಕೈಗೆಟುಕುವಂತೆ ಮೇಲುಗಡೆ ಇನ್ನೊಂದು. ಮಳೆನೀರು ಇಳಿಯದಂತೆ ಸುತ್ತ ಕಟ್ಟೆ, ಮೇಲೆ ಕಲ್ಲು ಚಪ್ಪಡಿ, ಅದರ ಮೇಲೆ ರಾಗಿಹುಲ್ಲು, ಓಡಾಡಲು ಮುಳ್ಳುಬೇಲಿಯ ಅಂಗಳ! ನನಗೂ ನನ್ನ ಗಂಡನಿಗೂ ಇದ್ದದ್ದು ಒಂದೇ ಕೋಣೆ, ಅದರಲ್ಲೂ ಅರ್ಧ ಹುರುಳಿ ಮೂಟೆ. ಮೊಲವಾಗಿಯಾದರೂ ಈ ಮನೆಗೆ ಬರಬಾರದಿತ್ತೇ ನಾನು?

ಆಗ ಯುದ್ಧದ ಕಾಲ. ಬೆಳೆದ ರಾಗಿಯಲ್ಲಿ ಒಂದು ಪಾಲನ್ನು ಸರ್ಕಾರಕ್ಕೆ ಲೆವಿಯಾಗಿ ಕೊಡಬೇಕು. ಕೊಡಲು ಮನಸ್ಸಿಲ್ಲದವರು ನೆಲದೊಳಗಿನ ಹಗೇವಿನಲ್ಲಿ ರಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ, ಏನೂ ಅರಿಯದವರಂತೆ ಕೂರುತ್ತಿದ್ದರು. ಇಂಥ ದಿನಗಳಲ್ಲಿ ಒಬ್ಬ ಮನುಷ್ಯ ಯಾರನ್ನೂ ಹತ್ತಿರ ಬಿಡದೆ ಗುಂಡಿ ತೋಡಿ, ಚಪ್ಪಡಿ ಎಳೆದು, ಅದರ ಪಕ್ಕದಲ್ಲೇ ಕಾವಲು ಕುಳಿತರೆ ಊರು ಏನೆಂದುಕೊಳ್ಳಬೇಕು?

"ಏನ್ ಗೌಡ್ರೇ, ಮೊಲಕ್ಕೆ ಇಷ್ಟು ದೊಡ್ಡ ಹಗೇವಾ?" ಎಂದರು ಎದುರುಮನೆಯವರು.

"ನಿಮಗ್ಯಾಕೆ? ಮಸಾಲೆ ಅರೆದಿಟ್ಕೊಂಡಿದ್ದೀರಾ?" ಎಂದರು ಮಾವನವರು.

ಒಂದು ಬೆಳಗ್ಗೆ ಲೆವಿ ವಸೂಲಿಯ ಶೇಕದಾರರು ಇಬ್ಬರು ಆಳುಗಳೊಂದಿಗೆ ನೇರವಾಗಿ ಹಿತ್ತಲಿಗೇ ಬಂದರು. ಆಳುಗಳ ಕೈಯಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ. ನೆಲಕ್ಕೆ ಚುಚ್ಚಿ, ತುದಿಯಲ್ಲಿ ರಾಗಿ ಅಂಟಿ ಬರುತ್ತದೆಯೇ ಎಂದು ನೋಡುವುದು ಅವರ ಕ್ರಮ. ದೂರು ಕೊಟ್ಟವರು ಯಾರು? ಮಾವನವರು ಮೊದಲು ನೋಡಿದ್ದು ನನ್ನ ಕಡೆಗೆ!

"ಒಳಗೆ ಮೊಲ ಐತೆ ಸ್ವಾಮಿ, ಚುಚ್ಬೇಡಿ."

"ಹೋದ ಹಳ್ಳೀಲಿ ಹುತ್ತ, ಒಳಗೆ ನಾಗಪ್ಪ ಇದ್ದಾನೆ ಅಂದ್ರು. ಅಗೆದ್ರೆ ರಾಗಿ!"

"ನಿನ್ನೆ ಮರಿ ಹಾಕೈತೆ. ಇನ್ನೂ ಕಣ್ಣೇ ಬಿಟ್ಟಿಲ್ಲ. ಚಪ್ಪಡಿ ಸರಿಸಿದ್ರೂ ತಾಯಿ ಹೆದರಿ ತುಳಿದ್ಬಿಡ್ತೈತೆ."

ಶೇಕದಾರರು ನಕ್ಕು ಕೈ ಬೀಸಿದರು. ಆಳು ಸಲಾಕೆ ಎತ್ತಿದ. ಮಾವನವರು ಎರಡೂ ಕೈಯಿಂದ ಅದನ್ನು ಹಿಡಿದುಬಿಟ್ಟರು.

"ನಿಲ್ಸಿ. ರಾಗಿ ಇಲ್ಲಿಲ್ಲ. ಕೊಟ್ಟಿಗೇಲೈತೆ, ಎತ್ತಿನ ಗೂಟದ ಕೆಳಗೆ. ಬನ್ನಿ, ನಾನೇ ತೋರಿಸ್ತೀನಿ."

ನಮಗೆ ಯಾರಿಗೂ ಗೊತ್ತಿರಲಿಲ್ಲ, ಅತ್ತೆಗೂ! ಊರಿನ ಅನುಮಾನ ಸುಳ್ಳಲ್ಲ, ಜಾಗ ಮಾತ್ರ ತಪ್ಪು. ಗಾಡಿ ತುಂಬಿ ರಾಗಿ ಹೋಯಿತು. "ವರ್ಷದ ಮುದ್ದೆ ಹೋಯ್ತಲ್ಲಪ್ಪಾ!" ಎಂದು ಅತ್ತೆ ಬಾಗಿಲಲ್ಲೇ ಕುಸಿದು ಕುಳಿತರು.

ಮಾವನವರು ಹೊಂಗೆ ಮರದ ಕೆಳಗೆ ಕುಳಿತಿದ್ದರು. ದೂರಿನ ಮಾತು ಈಗ ನನ್ನ ತಲೆಗೇ ಬರುತ್ತದೆಂದುಕೊಂಡೇ ಮಜ್ಜಿಗೆ ತೆಗೆದುಕೊಂಡು ಹೋದೆ. ಅವರು ಲೋಟ ಮುಟ್ಟಲಿಲ್ಲ. ಮೊಲದ ಮನೆಯ ಪಕ್ಕದ ಕಿಂಡಿಯ ಹುಲ್ಲು ಸರಿಸಿದರು.

"ನೀನು ನೋಡಮ್ಮಾ, ಮೆಲ್ಲಗೆ."

ಕೈ ಹಾಕಿದೆ. ತಾಯಿ ತನ್ನ ಮೈಯ ಕೂದಲನ್ನೇ ಕಿತ್ತು ಹಾಸಿತ್ತು. ಅದರೊಳಗೆ ಮರಿಗಳು ಬೆಚ್ಚಗೆ ಮಿಸುಕಾಡುತ್ತಿದ್ದವು.

"ಐದು, ಮಾವಾ. ಐದೂ ಚೆನ್ನಾಗವೆ."

ನನಗೆ ಅಳು ಬಂದುಬಿಟ್ಟಿತು. ಮಾವನವರು "ಆಯ್ತು" ಎಂದು ಹುಲ್ಲು ಮುಚ್ಚಿದರು. ತಾವು ಒಮ್ಮೆಯೂ ಬಗ್ಗಿ ಎಣಿಸಿ ನೋಡಲಿಲ್ಲ.