ಭಂಡಾರ ಎತ್ತಿದ ಕಾದಂಬರಿಕಾರ

ಜತ್ತದ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದ ಅಮೋಘಸಿದ್ದಪ್ಪನ ಸಂಕಟಕ್ಕೆಲ್ಲ ಕಾರಣ ಅವನ ಕಾದಂಬರಿಯ ಮುನ್ನುಡಿಯ ಒಂದು ಸಾಲು. ‘ಇದು ನನ್ನ ಮತ್ತು ನನ್ನ ಅಕ್ಕನ ಕತೆ; ಒಂದಕ್ಷರವೂ ಸುಳ್ಳಲ್ಲ’ ಎಂದು ಅವನು ಬರೆದಿದ್ದ. ಕಾದಂಬರಿಯಲ್ಲಿ ತಮ್ಮ ಹನ್ನೆರಡು ವರ್ಷಗಳ ಮೇಲೆ ಊರಿಗೆ ಮರಳಿ ಅಕ್ಕನ ಕಾಲಿಗೆ ಬೀಳುತ್ತಾನೆ. ಅಕ್ಕ ಅಳುತ್ತ ತನ್ನ ಗಂಡನ ಕರಿ ಕಂಬಳಿಯನ್ನು ಅವನಿಗೆ ಹೊದಿಸುತ್ತಾಳೆ. ಆಗ ತಮ್ಮನಿಗೆ ತಾನು ಯಾರೆಂಬುದು ತಿಳಿಯುತ್ತದೆ. ಇಷ್ಟು ತಿಳಿಯಲು ಅವನಿಗೆ ಇನ್ನೂರ ಹನ್ನೆರಡು ಪುಟ ಹಿಡಿದಿತ್ತು.

ಇದರಲ್ಲಿ ಹನ್ನೆರಡು ವರ್ಷವೊಂದೇ ನಿಜ. ಅಕ್ಕ ಚಂದ್ರಾಬಾಯಿಯ ಮೊಮ್ಮಗಳ ತೊಟ್ಟಿಲ ದಿನ ಅವನು ಕೂಸಿಗೆ ಮಂದಾಕ್ರಾಂತಾ ಎಂದು ಹೆಸರಿಡಲು ಹೇಳಿದ್ದ. “ಇದು ಕೂಸಿನ ಹೆಸರೋ, ಕುರಿಗೆ ಕುಡಸೋ ಔಷಧೋ?” ಎಂದು ಅಕ್ಕ ಕೇಳಿದಳು. ನೆರೆದ ಹೆಂಗಸರು ನಕ್ಕರು. ಊಟವನ್ನೂ ಮಾಡದೆ ಎದ್ದು ಹೋದವನು ಮತ್ತೆ ಅಕ್ಕನ ಊರಾದ ಕುಣಿಕೋಣೂರಿನ ಕಡೆ ತಲೆ ಹಾಕಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅಕ್ಕನ ಗಂಡ ತೀರಿಕೊಂಡಾಗ ಮಣ್ಣಿಗೂ ಬಂದಿರಲಿಲ್ಲ.

ಈಗ ಒಂದು ಪ್ರಶಸ್ತಿ ಸಮಿತಿಯಿಂದ ಕಾಗದ ಬಂದಿತ್ತು. ‘ತಮ್ಮ ಕಾದಂಬರಿ ಕಡೆಯ ಸುತ್ತಿಗೆ ಬಂದಿದೆ. ಮುನ್ನುಡಿಯ ಮಾತು ಎಷ್ಟು ನಿಜವೆಂದು ಕಣ್ಣಾರೆ ನೋಡಲು ಭಾನುವಾರ ಹನ್ನೊಂದಕ್ಕೆ ತಮ್ಮ ಅಕ್ಕನವರ ಮನೆಗೆ ಬರುತ್ತೇವೆ.’

ಭಾನುವಾರ ಬೆಳಗಿನ ಬಸ್ಸಿನಿಂದ ಅಮೋಘಸಿದ್ದಪ್ಪ ಸಂತೆಯಲ್ಲಿ ಇಳಿಸಿದ ಕುರಿಯ ಹಾಗೆ ಅತ್ತಿತ್ತ ನೋಡುತ್ತ ಇಳಿದ. ನೆರೆಮನೆಯ ದುಂಡವ್ವ ದೂರದಿಂದಲೇ ಕೂಗಿದಳು: “ಯವ್ವಾ, ಕಾದಂಬರಿ ಬಂತು!”

ಊರಿಗೆ ಕಾದಂಬರಿಯ ವಿಷಯ ತಿಳಿದದ್ದು ಅಕ್ಕನ ಓಣಿಯ ವಿಠೋಬನಿಂದ. ಆ ಓಣಿಯಲ್ಲಿ ಉಳಿದವರೆಲ್ಲ ಮರಾಠಿ ಶಾಲೆಯಲ್ಲಿ ಕಲಿತವರು. ಕನ್ನಡ ಓದಬಲ್ಲವನು ಅವನೊಬ್ಬನೇ.

“ಅಮೋಘಣ್ಣಾ, ನಿನ್ನ ಪುಸ್ತಕ ಕಟ್ಟಿ ಮ್ಯಾಲೆ ಕುಂತು ಎಲ್ಲಾರಿಗೂ ಓದಿ ಹೇಳೇನಿ. ನಡುವ ಭಾಳ ಸಪ್ಪಗಿತ್ತು. ಒಂದ ಹೊಡದಾಟ ನಾನ ಹಾಕೇನಿ.”

ಚಂದ್ರಾಬಾಯಿ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

“ದುಂಡವ್ವಾ, ಬಂದಾವ್ರು ಯಾರ ಕೇಳು.”

“ನಿನ್ನ ತಮ್ಮ ಅಂತವಾ.”

“ಅಕ್ಕಾ, ನಿನ್ನ ನೋಡಬೇಕು ಅನಿಸ್ತು” ಎಂದ ಅಮೋಘಸಿದ್ದಪ್ಪ.

“ದುಂಡವ್ವಾ, ಹನ್ನೆರಡ ವರ್ಷ ಕಣ್ಣ ಬ್ಯಾನಿ ಇತ್ತೇನ ಕೇಳು.”

ಗಂಟೆ ಹತ್ತಾಯಿತು. ಅವನು ಅಕ್ಕನ ಮೊರದ ಮುಂದೆ ಕುಕ್ಕರಿಸಿದ. “ಸಿಟ್ಟ ಬಿಡು ಅಕ್ಕಾ, ಹನ್ನೊಂದರೊಳಗ ಬಿಡು!”

“ಹನ್ನೊಂದಕ್ಕ ಏನೈತಿ?” ಅಕ್ಕ ಮೊದಲ ಸಲ ನೇರವಾಗಿ ಕೇಳಿದಳು.

“ಏನಿಲ್ಲ... ಗಳಿಗಿ ಚಲೋ ಐತಿ.”

ಅವಳು ಮೊರ ಕೆಳಗಿಟ್ಟಳು. “ಪುಸ್ತಕದಾಗ ನನ್ನ ಕಾಲ ಹಿಡದಿ ಅಂತ. ಮನಸಿನಿಂದ ಬರದಿಯೋ, ಸುಮ್ಮನ ಬರದಿಯೋ?”

“ಮನಸಿನಿಂದ ಅಕ್ಕಾ!”

ವಿಠೋಬ ನಡುವೆ ಬಾಯಿ ಹಾಕಿದ. “ಹಂಗಾರ ಬೀರದೇವರ ಮುಂದ ಪತ್ರಿ-ಭಂಡಾರ ಎತ್ತಲಿ. ಮುರದ ಮಾತು ಬರೇ ಬಾಯಿಂದ ಕೂಡೂದಿಲ್ಲ.”

ಬಿಲ್ವಪತ್ರಿಯನ್ನೂ ದೇವರ ಮೇಲಿನ ಅರಿಶಿನದ ಭಂಡಾರವನ್ನೂ ಅಂಗೈಯಲ್ಲಿ ಹಿಡಿದು ಆಡಿದ ಮಾತನ್ನು ಆ ಜನ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಓಣಿಗೆ ಓಣಿಯೇ ಗುಡಿಗೆ ಬಂತು. ದೇವರ ಮುಂದೆ ನಿಂತವನ ಕಣ್ಣು ದೇವರ ಮೇಲಿರಬೇಕು. ಅಮೋಘಸಿದ್ದಪ್ಪನ ಕಣ್ಣು ಕೈಗಡಿಯಾರದ ಮೇಲಿತ್ತು.

“ನಾ ಬರದದ್ದೆಲ್ಲಾ ಖರೇ. ಒಂದಕ್ಷರಾನೂ ಸುಳ್ಳಲ್ಲ” ಎಂದು ಭಂಡಾರ ಎತ್ತಿ, ಅಕ್ಕನ ಕಾಲಿಗೆ ಬಿದ್ದ.

ಚಂದ್ರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಕಾದಂಬರಿಯಲ್ಲಿ ಅವಳು ಎರಡು ಸಾಲು ಅತ್ತಿದ್ದಳು. ಇಲ್ಲಿ ಅಳು ನಿಲ್ಲಲೇ ಇಲ್ಲ. ಗಂಡ ಹೋದ ಮೇಲೆ ಯಾರಿಗೂ ಮುಟ್ಟಗೊಡದ ಕಂಬಳಿಯನ್ನು ದುಂಡವ್ವನಿಂದ ತರಿಸಿ, ತಾನೇ ತಮ್ಮನಿಗೆ ಹೊದಿಸಿದಳು. “ಇನ್ನ ನೀ ಎಲ್ಲೂ ಹೋಗಬ್ಯಾಡೋ ಅಮೋಘಾ” ಎಂದಳು.

ಮನೆಯಲ್ಲಿ ಯಾರೂ ಕಾಣದೆ ಗುಡಿಗೇ ಬಂದ ಸಮಿತಿಯ ಇಬ್ಬರು ಬಾಗಿಲಲ್ಲಿ ನಿಂತಿದ್ದರು. ಒಬ್ಬನ ಕೈಯಲ್ಲಿ ಕಾದಂಬರಿಯ ಕೊನೆಯ ಪುಟ ತೆರೆದಿತ್ತು. “ಕಣ್ಣೀರ ಬಂತು, ಕಂಬಳಿ ಬಂತು” ಎಂದು ಅವನು ಬೆರಳಿಟ್ಟು ಗುರುತು ಹಾಕುತ್ತಿದ್ದ. ಸಮಿತಿಯ ಅಧ್ಯಕ್ಷ ಸೋಮನಿಂಗಪ್ಪ ಸರ್ ಚಷ್ಮಾ ಒರೆಸಿಕೊಂಡರು.

“ನೂರಕ್ಕ ನೂರ ಖರೇ ಐತ್ರಿ!”

“ಅಂದರ ಸರ್, ಪ್ರಶಸ್ತಿ...?”

“ಅಲ್ಲೇ ತೊಡಕಾತ್ರಿ. ನಮ್ಮದು ಕಾದಂಬರಿಗೆ ಕೊಡೋ ಪ್ರಶಸ್ತಿ. ಕಲ್ಪನಾ ಇರಬೇಕು. ಮುನ್ನುಡಿಯಾಗ ಎಲ್ಲಾರೂ ಹಿಂಗ ಬರೀತಾರ, ಇವರೂ ಸುಳ್ಳ ಬರದಿರಬೇಕು ಅಂತ ಭಾಳ ಆಸೆ ಇಟ್ಟು ಬಂದಿದ್ವಿ. ನೀವು ನೋಡಿದರ ಭಂಡಾರನ ಎತ್ತೀರಿ! ಇದು ಕಾದಂಬರಿ ಅಲ್ರಿ, ನಿಮ್ಮ ಜೀವನ ಚರಿತ್ರಾ. ಶಾಲು ಕಡೀ ಸುತ್ತಿನಾಗಿರೋ ಬಾಲಗಾಂವದ ಲೇಖಕರಿಗೆ ಹೋಗತೈತಿ.”

ಬಾಲಗಾಂವದವರ ಹೆಸರು ಕೇಳಿದ್ದೇ ಅಮೋಘಸಿದ್ದಪ್ಪ ತಾನು ನಿಂತ ಜಾಗವನ್ನು ಮರೆತ.

“ಸರ್, ಎಲ್ಲಾ ಸುಳ್ಳ ಐತ್ರಿ! ಹನ್ನೆರಡ ವರ್ಷ ನಮಗ ಮಾತ ಇಲ್ಲ. ಅಕ್ಕನ ಗಂಡನ ಮಣ್ಣಿಗೂ ನಾ ಬಂದಿಲ್ಲ. ಇವತ್ತ ಬಂದದ್ದು ನಿಮ್ಮ ಸಲುವಾಗಿ, ಕಾಲಿಗೆ ಬಿದ್ದದ್ದೂ ನಿಮ್ಮ ಸಲುವಾಗಿ. ಪೂರಾ ಕಲ್ಪನಾ ಸರ್!”

ಅಧ್ಯಕ್ಷರು ಅವನ ಹಳದಿ ಅಂಗೈಯನ್ನು ನೋಡಿದರು. “ದೇವರ ಮುಂದ ಸುಳ್ಳ ಹೇಳಾವ್ರಿಗೆ ಶಾಲು ಹೊದಿಸಿದರ ನಾಳೆ ನಮ್ಮ ಮುಖಾ ಯಾರ ನೋಡ್ತಾರ್ರಿ?” ಎಂದು ಜೀಪು ಹತ್ತಿದರು.

ಚಂದ್ರಾಬಾಯಿ ಬೈಯಲಿಲ್ಲ. ಕಂಬಳಿಯನ್ನು ಅವನ ಹೆಗಲಿನಿಂದ ತೆಗೆದು ನಿಧಾನವಾಗಿ ಮಡಚಿದಳು.

“ನಾ ಅತ್ತದ್ದು ಮಾತ್ರ ಖರೇ ಇತ್ತೋ ತಮ್ಮಾ” ಎಂದು ಮನೆಯ ಕಡೆ ನಡೆದಳು. ಬಾಗಿಲು ಹಾಕಿದ ಸದ್ದು ಗುಡಿಯವರೆಗೆ ಕೇಳಿಸಿತು.

ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತವನ ಹಿಂದೆಯೇ ವಿಠೋಬ ಬಂದ.

“ಅಮೋಘಣ್ಣಾ, ಮನಸಿಗೆ ಹಚಗೋಬ್ಯಾಡ. ಇನ್ನೊಂದ ಕಾದಂಬರಿ ಬರಿ. ಅದರಾಗ ಅಕ್ಕ ಬಾಗಲಾ ತಗದು ಮತ್ತ ನಿನ್ನ ಒಳಗ ಕರಕೊಂಡಂಗ ಮಾಡು.”

ಅಮೋಘಸಿದ್ದಪ್ಪ ಅಂಗೈಯ ಅರಿಶಿನ ಒರೆಸಿಕೊಂಡ.

“ಅಷ್ಟ ಕಲ್ಪನಾ ನನ್ನ ಕಡೆ ಇಲ್ಲೋ ವಿಠೋಬಾ” ಎಂದ.