ಮೂರು ದೇಶದ ಸಭೆಗಳು, ಮಧ್ಯೆ ನಾನೊಬ್ಬ

ಎಲ್ಲರೂ ಸೇರಿ ದೇವರ ಕೆಲಸ ಮಾಡೋಣ ಅಂತ ಕೂತಲ್ಲೆಲ್ಲ ಏನಾದ್ರೊಂದು ಎಡವಟ್ಟು ಆಗೇ ಆಗುತ್ತೆ. ಅದಕ್ಕೆ ದೇಶ, ಭಾಷೆ ಅನ್ನೋ ಭೇದ ಇಲ್ಲ.

ತೊಂಬತ್ತರ ದಶಕದಲ್ಲಿ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಕೆಲವು ಪ್ರಾಟೆಸ್ಟೆಂಟ್ ಸಭೆಗಳು, ಅಂದ್ರೆ ಚರ್ಚಿನ ಮಂದಿ, ಸೇರಿ ಒಂದು ಆಫೀಸು ನಡೆಸುತ್ತಿದ್ದವು. ಜರ್ಮನಿ, ಕೊರಿಯಾ, ಅಮೆರಿಕದ ಸಭೆಗಳು ಇದಕ್ಕೆ ಜೊತೆಗಾರರು. ನಾನು ಗುಮಾಸ್ತ. ಟೈಪ್ ಮಾಡೋದು, ಅತಿಥಿಗಳನ್ನ ಸ್ಟೇಷನ್ನಿಂದ ಕರ್ಕೊಂಡು ಬರೋದು, ಅವರ ಇಂಗ್ಲಿಷನ್ನ ಕನ್ನಡಕ್ಕೆ ಇಳಿಸೋದು, ಕೊನೆಗೆ ಎಲ್ಲರ ಹತ್ರ ಬೈಸಿಕೊಳ್ಳೋದು, ಇಷ್ಟೂ ನನ್ನ ಪಾಲಿಗೆ.

ಉಣ್ಣೆ ಟೋಪಿ

ನಮ್ಮದು ಮಲೆನಾಡಿನ ಸೀಮೆ ಅಂತ ಯಾರೋ ಜರ್ಮನಿಯವರಿಗೆ ಹೇಳಿದ್ದಾರೆ. ಬೆಟ್ಟ ಅಂದ್ಮೇಲೆ ಹಿಮ ಇರಬೇಕಲ್ಲ? ಅಲ್ಲಿನ ಅಜ್ಜಿಯರೆಲ್ಲ ಕೂತು ಭದ್ರಾವತಿಯ ನಮ್ಮ ಹಾಸ್ಟೆಲ್ ಮಕ್ಕಳಿಗೆ ಉಣ್ಣೆ ಟೋಪಿ ಹೆಣೆದು ಕಳಿಸಿದರು. ಎರಡು ಪೆಟ್ಟಿಗೆ ಬಂದಿದ್ದು ಏಪ್ರಿಲ್‌ನಲ್ಲಿ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟೋ ಬಿಸಿಲಲ್ಲಿ. ಜೊತೆಗೊಂದು ಚೀಟಿ: ಮಕ್ಕಳು ಹಾಕ್ಕೊಂಡ ಫೋಟೋ ಕಳಿಸಿ.

"ಮಳೆಗಾಲ ಬರ್ಲಿ ಅಯ್ಯನವರೇ" ಅಂದೆ ನಮ್ಮ ಸಭಾಪಾಲಕರಿಗೆ.

"ಪ್ರೀತಿಯಿಂದ ಹೆಣೆದಿದ್ದಾರೆ ಮಾರಾಯ. ನಾಳೆನೇ ತೆಗೆಸು."

ಫೋಟೋದವನು ಬೆಳಕು ಸರಿ ಇಲ್ಲ ಅಂತ ಮಕ್ಕಳನ್ನ ಬಯಲಿಗೆ ತಂದು ನಿಲ್ಲಿಸಿದ. ಬೆವರು ಕಣ್ಣಿಗಿಳಿದು ಒಂದೊಂದೇ ಮಗು ಮುಖ ಕಿವುಚತೊಡಗಿತು. ಹಾಗೇ ಕ್ಲಿಕ್ ಆಯ್ತು.

ತಿಂಗಳಲ್ಲಿ ಉತ್ತರ ಬಂತು: "ಮಕ್ಕಳು ಚಳಿಗೆ ಅಳ್ತಿರೋದು ನೋಡಿ ನಮಗೆ ತಡೆಯೋಕೆ ಆಗ್ಲಿಲ್ಲ. ಸ್ವೆಟರ್ ಹೆಣೆಯೋಕೆ ಶುರು ಮಾಡಿದ್ದೇವೆ."

ಜಗಳ ಬಿಡಿಸಿ

ಕೊರಿಯಾದವರ ಪ್ರಾರ್ಥನೆ ನಮ್ಮ ಹಾಗಲ್ಲ. ಎಲ್ಲರೂ ಒಟ್ಟಿಗೆ, ದೊಡ್ಡ ದನಿಯಲ್ಲಿ, ಮುಷ್ಟಿ ಬಿಗಿದು ಮೇಜು ಕುಟ್ಟಿ ಪ್ರಾರ್ಥಿಸ್ತಾರೆ. ಅವರ ತಂಡ ನಮ್ಮ ಆಫೀಸಿಗೆ ಬಂದ ದಿನ ಹಾಗಂತ ಅಡುಗೆಯಮ್ಮನಿಗೆ ಮೊದಲೇ ಹೇಳೋದು ಮರೆತೆ. ಊಟ ಬಡಿಸೋ ಹೊತ್ತಿಗೆ ಆಕೆ ಸೌಟು ಹಿಡ್ಕೊಂಡೇ ಓಡಿ ಬಂದ್ಲು.

"ಸಾರ್, ಒಳಗೆ ಹೊಡೆದಾಟ! ಬೇಗ ಬನ್ನಿ, ಬಿಡಿಸಿ!"

"ಅದು ಹೊಡೆದಾಟ ಅಲ್ಲಮ್ಮ, ದೇವರ ಹತ್ರ ಮಾತಾಡ್ತಿದ್ದಾರೆ."

ಆಕೆ ಒಂದು ನಿಮಿಷ ಕಿವಿಗೊಟ್ಟು ಕೇಳಿದಳು. "ಪಾಪ, ಇವರಿಗೆ ದೇವರು ಏನು ಮಾಡಿದ್ನೋ ಸಾರ್!"

ಐಕ್ಯತೆ

ಭದ್ರಾವತಿಯಲ್ಲಿ ಒಂದೇ ಚರ್ಚಿನಲ್ಲಿ ಎರಡು ಸಭೆ. ಎಂಟು ಗಂಟೆಗೆ ಕನ್ನಡದವರ ಆರಾಧನೆ, ಹತ್ತಕ್ಕೆ ತಮಿಳಿನವರದು. ಕನ್ನಡದವರು ಹೋಗುವಾಗ ಫ್ಯಾನಿನ ರೆಗ್ಯುಲೇಟರ್ ಬಿಚ್ಚಿಕೊಂಡು ಹೋಗೋರು. ತಮಿಳಿನವರು ಹಾರ್ಮೋನಿಯಮ್ಮಿಗೆ ಬೀಗ ಜಡಿಯೋರು. ತಮಗೊಂದು ಬೇರೆ ಕಟ್ಟಡ ಬೇಕು ಅಂತ ಇಬ್ಬರೂ ಅರ್ಜಿ ಹಾಕಿದ್ದರು. ಅದನ್ನ ವಿಚಾರಿಸೋಕೆ, ದುಡ್ಡು ಕೊಡಬೇಕಾಗಿದ್ದ ಅಮೆರಿಕದ ತಂಡ ಬಂತು. ಭಾಷಾಂತರಕ್ಕೆ ನಾನೇ.

"ಒಂದೇ ಚರ್ಚಿನಲ್ಲಿ ಹೇಗಿದ್ದೀರಿ?" ಅಂತ ತಂಡದ ಹಿರಿಯರು ನಗುನಗುತ್ತಾ ಕೇಳಿದರು.

ಕನ್ನಡ ಸಭೆಯ ಹಿರಿಯರು ನನ್ನ ಕಡೆ ತಿರುಗಿ, "ಇವರ ಜೊತೆ ಸ್ವರ್ಗದಲ್ಲಿ ಜಾಗ ಕೊಟ್ರೂ ಬೇಡ ಅಂತ ಹೇಳಪ್ಪ" ಅಂದರು.

ಏಳು ಸಮುದ್ರ ದಾಟಿ ಬಂದವರ ಮುಖ ನೋಡಿದೆ. ನನಗೇ ನಾಚಿಕೆ ಆಯ್ತು. "ಇವರಿಲ್ಲದಿದ್ರೆ ಸ್ವರ್ಗವೂ ಬೇಡ ಅಂತಿದ್ದಾರೆ" ಅಂತ ಇಂಗ್ಲಿಷಿನಲ್ಲಿ ಅಂದುಬಿಟ್ಟೆ.

ತಮಿಳು ಸಭೆಯ ಹಿರಿಯರು ಸುಮ್ಮನಿರ್ತಾರಾ? "ಸಾಯೋವರೆಗೂ ನಮಗೆ ಇವರ ಕಾಟ ತಪ್ಪಲ್ಲ ಅಂತ ಹೇಳು."

"ಸಾಯೋವರೆಗೂ ಜೊತೆಗಿರ್ತಾರಂತೆ" ಅಂದೆ.

ಅಮೆರಿಕದವರು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ನಾನೂ ಏನೋ ಪುಣ್ಯ ಕಟ್ಕೊಂಡೆ ಅಂತ ಬೀಗಿದೆ.

ಅವರ ಕಾಗದ ಬಂದಾಗ ಗೊತ್ತಾಯ್ತು. "ಇಂಥ ಪ್ರೀತಿಯ ನಡುವೆ ಗೋಡೆ ಎಬ್ಬಿಸೋದು ಪಾಪ. ಹೊಸ ಕಟ್ಟಡದ ಹಣವನ್ನ, ಒಟ್ಟಿಗೆ ಬಾಳಲಾರದ ಬೇರೆ ಊರಿನವರಿಗೆ ಕೊಟ್ಟಿದ್ದೇವೆ."

ವಾರದೊಳಗೆ ಭದ್ರಾವತಿಯಿಂದ ಇನ್ನೊಂದು ಕಾಗದ. ಈ ಗುಮಾಸ್ತನನ್ನ ಕೂಡಲೇ ಕೆಲಸದಿಂದ ತೆಗೆಯಬೇಕು; ಕೆಳಗೆ ಆ ಇಬ್ಬರು ಹಿರಿಯರ ಸಹಿ, ಅಕ್ಕಪಕ್ಕದಲ್ಲೇ.

ಅಯ್ಯನವರು ಅದನ್ನ ಎರಡು ಸಲ ಓದಿದರು. ನಾನು ಕೈಕಟ್ಟಿ ನಿಂತಿದ್ದೆ, ಕೆಲಸ ಹೋಯ್ತು ಅಂತಲೇ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಪ್ಪತ್ತು ವರ್ಷದಿಂದ ಐಕ್ಯತೆ ಐಕ್ಯತೆ ಅಂತ ಚರ್ಚಲ್ಲಿ ಪ್ರಸಂಗ ಮಾಡ್ತಾನೇ ಇದ್ದೀನಿ. ಇವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಇದೇ ಮೊದಲು. ನೀನು ಎಲ್ಲಿಗೂ ಹೋಗ್ಬೇಡ ಮಾರಾಯ."