ನಾ ನೋಡಬೇಕಂದ ಗೋಲು

ನಮ್ಮ ದೊಡವಾಡದ ಹಾಕಿ ಕ್ಲಬ್ಬಿನವರು ಗೆದ್ದದ್ದು ಕಡಿಮಿ, ನಗಿಸಿದ್ದು ಜಾಸ್ತಿ. ಆಡಾಕ ಹ್ವಾದಲ್ಲೆಲ್ಲಾ ಏನರೆ ಒಂದು ಫಜೀತಿ ಮಾಡಿಕೊಂಡು ಬರೂದು, ನನ್ನ ಅಡಗಿಮನಿ ಹೊಸ್ತಿಲ ಮುಂದ ಕುಂತು ಹೇಳೂದು. ನಮ್ಮ ಮನಿಯವರು ಆ ಕ್ಲಬ್ಬಿನ ಗೋಲ್‌ಕೀಪರು. ಬಾಲ್ ಒಳಗ ಹೋಗದಂಗ ಕಾಯೂದು ಅವರ ಕೆಲಸ. ನನಗೋ, ಗೋಲು ಅನ್ನೂದನ್ನ ಒಮ್ಮೆರೆ ಕಣ್ಣಾರೆ ನೋಡಬೇಕು ಅಂತ ಆಸೆ. ಮದುವಿಯಾಗಿ ಈ ಊರಿಗೆ ಬಂದಾಗಿಂದ ಅದೊಂದು ಆಸೆ ಹಂಗ ಉಳದಿತ್ತು. ಯಾಕಂದ್ರ ಆಗ ಹೆಣ್ಮಕ್ಕಳು ಆಟದ ಬಯಲಿಗೆ ಹೋಗೂದು ಅನ್ನೂದ ಇರಲಿಲ್ಲ.

ಹತ್ತು ಕೋಲು

ಕ್ಲಬ್ ಶುರುವಾದದ್ದು ಒಂದ ಒಂದು ಕೋಲಿನಿಂದ. ನಮ್ಮ ಮೈದುನ ಮಿಲ್ಟ್ರಿಯಿಂದ ರಜಾಕ್ಕ ಬಂದಾಗ ಒಂದು ಹಾಕಿ ಸ್ಟಿಕ್ ತಂದಿದ್ದ. ಉಳದ ಹತ್ತು ಮಂದಿಗೆ ಬೇಕಲ್ಲ, ಅದನ್ನ ಊರ ಬಡಿಗ್ಯಾರಣ್ಣಗ ತೋರಿಸಿ, "ಇಂಥಾವು ಇನ್ನ ಹತ್ತು ಮಾಡಿಕೊಡ್ರಿ" ಅಂದ್ರು. ನೇಗಿಲಾ, ಕುಂಟಿ ಮಾಡಿ ಪಳಗಿದ ಕೈ. ಒಂದು ವಾರದಾಗ ಜಾಲಿ ಕಟಗಿಲೆ ಹತ್ತು ಕೋಲು ತಯಾರ.

ಹಾಕಿ ಕೋಲಿಗೆ ಒಂದು ಮಗ್ಗಲ ಚಪ್ಪಟಿ ಇರತೈತಿ. ಎಲ್ಲಾ ಕೋಲಿಗೂ ಅದ ಮಗ್ಗಲಾನ ಚಪ್ಪಟಿ ಇರಬೇಕಂತ. ಬಡಿಗ್ಯಾರಣ್ಣ ಐದು ಕೋಲಿಗೆ ಈ ಮಗ್ಗಲ, ಐದು ಕೋಲಿಗೆ ಆ ಮಗ್ಗಲ ಕೆತ್ತಿಬಿಟ್ಟಿದ್ದ. ಮುನವಳ್ಳಿಯೊಳಗ ಮೊದಲನೇ ಮ್ಯಾಚು. ರೆಫರಿ ಐದು ಕೋಲು ತಗದು ಬದಿಗಿಟ್ಟ. ಪಾಪ, ಐದು ಮಂದಿ ಬರಿಗೈಲೆ ಬಾಲಿನ ಹಿಂದ ಓಡಾಡಿ ಬಂದ್ರು.

ಊರಿಗೆ ಬಂದವರ ಸೀದಾ ಬಡಿಗ್ಯಾರಣ್ಣನ ಕಡೆ ಹ್ವಾದ್ರು. "ಏನ್ ಮಾಡಿಟ್ಟಿಯೋ ಅಣ್ಣಾ ಇದು?"

"ಹತ್ತು ಅಂದ್ರ ಐದು ಜೋಡಿ. ಜೋಡಿ ಅಂದಮ್ಯಾಲ ಎಡಾ ಬಲಾ ಬ್ಯಾಡೇನು?"

"ಅವು ಎತ್ತಲ್ಲೋ, ಮನಶ್ಯಾರು!"

ಅಂವ ಕೈಯಾಗಿನ ಉಳಿ ಸುದ್ದಾ ಕೆಳಗ ಇಡಲಿಲ್ಲಂತ. "ಕೋಲು ಬರೋಬರಿ ಅದಾವು. ಆ ಐದು ಮಂದೀನ ಎಡಕ್ಕ ಹೂಡ್ರಿ, ಹೋಗ್ರಿ" ಅಂದ.

ಒಣಗಿದ ಮೆಣಸಿನಕಾಯಿ

ಬಯಲಿಗೆ ಹೋಗಾಕ ಆಗದಿದ್ರ ಏನಾತು, ನಮ್ಮ ಮನಿಗೆ ಮಾಳಗಿ ಇತ್ತು. ಅಲ್ಲಿ ನಿಂತ್ರ ಆಟದ ಬಯಲು ಅರ್ಧಾ ಕಾಣತಿತ್ತು. ಉಳದ ಅರ್ಧಾಕ್ಕ, ಎರಡೂ ತುದೀಗೆ, ಒಂದೊಂದು ಬೇವಿನ ಗಿಡ ಅಡ್ಡ. ನನ್ನ ನಸೀಬ ಏನಂದ್ರ, ನಮ್ಮ ಮನಿಯವರು, ಎರಡೂ ಕಡೆ ಗೋಲಿನ ಕಂಬಾ, ಎಲ್ಲಾ ಆ ಗಿಡಗಳ ಹಿಂದ. ಮಂದಿ "ಹೋ" ಅಂದ್ರ ಏನೋ ಆತು ಅಂತ ತಿಳ್ಕೊಳ್ಳೂದು, ಅಷ್ಟ.

ಮ್ಯಾಚ್ ಇದ್ದ ದಿನಾ ನಾ ಮೊರದ ತುಂಬ ಮೆಣಸಿನಕಾಯಿ ತಗೊಂಡು ಮಾಳಗಿ ಏರತಿದ್ದೆ. ಒಂದಿನ ಹಿಂದಿಂದ ಅತ್ತಿ ಧ್ವನಿ ಬಂತು. "ಏನವಾ, ಹ್ವಾದ ವಾರ ಒಣಗಿದ ಕಾಯಿ ಮತ್ತ ಒಣಗಸಾಕ ಹತ್ತಿಯಲ್ಲ?"

ನಾ ಲಗುಲಗು ಮೊರದಾಗ ಕೈಯಾಡಿಸಿದೆ. "ಒಂಚೂರು ಥಂಡಿ ಹಿಡದಿದ್ವು, ಅತ್ತಿ."

ಅತ್ತಿ ಸೆರಗು ಸೊಂಟಕ್ಕ ಸಿಗಿಸಿ ನನ್ನ ಬಾಜೂಕ ಬಂದು ನಿಂತ್ರು. "ಹೌದೇನು? ಹಂಗಾರ ಆ ಕಡೆ ಸರಿ. ನನ್ನ ಮಗಾ ಯಾವ ಮೂಲ್ಯಾಗ ನಿಂತಾನ, ತೋರ್ಸು."

ಆ ವರ್ಷ ನಮ್ಮನ್ಯಾಗ ಒಣಗಿದಷ್ಟು ಮೆಣಸಿನಕಾಯಿ ಬೈಲಹೊಂಗಲ ಸಂತ್ಯಾಗೂ ಇರಲಿಕ್ಕಿಲ್ಲ.

ಕೌದಿ ಪ್ಯಾಡು

ಗೋಲ್‌ಕೀಪರಿಗೆ ಕಾಲಿಗೆ ಕಟ್ಟಾಕ ಪ್ಯಾಡು ಬೇಕಲ್ಲ. ಪ್ಯಾಟಿದು ಯಾರ ತರಬೇಕು? ನಾ ಹಳೇ ಸೀರಿ, ಧೋತರ ಪದರಪದರ ಹಾಕಿ, ನಡಕ ಹತ್ತಿ ತುಂಬಿ, ಕೌದಿ ಹೊಲದಂಗ ಎರಡು ಪ್ಯಾಡು ಹೊಲದುಕೊಟ್ಟೆ. ಅಂಚಿಗೆ ಕೆಂಪು ಚೌಕಡಿ ಬ್ಯಾರೆ. ಬಾಳ ಚೆಂದ ಕಾಣತಿದ್ವು.

ಒಂದು ಮ್ಯಾಚಿನಾಗ ಬಾಲು ಬಂದು ಬಡದದ್ದಕ್ಕ ಒಂದು ಪ್ಯಾಡಿನ ಮಗ್ಗಲ ಹರೀತು. ಬಾಲು ಒಳಗ ಹೊಕ್ಕು, ಹತ್ತಿ ನಡಕ ಸಿಕ್ಕೊಂಡು ಕುಂತುಬಿಡ್ತು. ಎಷ್ಟು ಕೈ ಹಾಕಿದ್ರೂ ಬರವಲ್ದು. ಇದ್ದದ್ದು ಅದೊಂದ ಬಾಲು. ಯಾರೋ ಕುಡಗೋಲು ತಂದ್ರು. ನಮ್ಮ ಮನಿಯವರು ಎರಡೂ ಕೈಲೆ ಪ್ಯಾಡು ಅಪ್ಪಿ ಹಿಡಕೊಂಡು, "ಮುಟ್ಟಿದ್ರ ನೋಡ್ರಿ! ಅಕಿ ಹೊಲದದ್ದು, ಅಕೀನ ಬಿಚ್ಚಬೇಕು" ಅಂದ್ರಂತ.

ನಾ ರೊಟ್ಟಿ ಬಡಿಯಾಕ ಹತ್ತಿದ್ದೆ. ತಲಿ ಎತ್ತಿ ನೋಡತೇನಿ, ಎರಡೂ ಟೀಮಿನವರು, ರೆಫರಿ, ನೋಡಾಕ ಬಂದ ಮಂದಿ, ಎಲ್ಲಾ ನಮ್ಮ ಅಂಗಳದಾಗ! ನಡುವ ಇವರು, ಒಂದು ಕಾಲು ದಪ್ಪ, ಒಂದು ಕಾಲು ಸಣ್ಣ. ಸೂಜಿ ತಂದು ಒಂದೊಂದ ಹೊಲಗಿ ಬಿಚ್ಚಿ ಬಾಲು ತಗದುಕೊಟ್ಟೆ, ತಿರಗಿ ಹೊಲದೆ. ಎಲ್ಲಾರಿಗೂ ಚಾ ಆತು. ಆಮ್ಯಾಲ ಎಲ್ಲಾರೂ ಎದ್ದು ಹ್ವಾದ್ರು. ಖಾಲಿ ಕಪ್ಪು ಆರಿಸ್ಕೋತ ಒಬ್ಬಾಕೀನ ನಿಂತೆ. ಮ್ಯಾಚು ನನ್ನ ಅಂಗಳಕ್ಕ ಬಂದು ಹ್ವಾತು, ನಾ ಮಾತ್ರ ಮ್ಯಾಚ್ ನೋಡ್ಲಿಲ್ಲ.

ರೆಫರಿ ಹೋಗೂ ಮುಂದ ಬಾಗಲದಾಗ ತಿರಗಿ ನೋಡಿ, "ಅಕ್ಕಾ, ಇನ್ನೊಂದು ಪ್ಯಾಡಿನ ಹೊಲಗೀನೂ ಈಗ ನೋಡಿಬಿಡ್ರಿ" ಅಂದಿದ್ದ.

ಕಡೀ ಮ್ಯಾಚು

ಆಡವರೆಲ್ಲಾ ಮುದುಕರಾದ್ರು. ಹುಡುಗ್ರು ಕ್ರಿಕೆಟ್ಟಿನ ಹಿಂದ ಹ್ವಾದ್ರು. ಕ್ಲಬ್ಬಿನಾಗ ಉಳದದ್ದು ಮಣಕಾಲ ನೋವಿನ ಏಳು ಮಂದಿ. ಈ ವರ್ಷ ಆ ಬಯಲಾಗ ಸಾಲಿಯ ಹೊಸ ಕೋಣಿ ಕಟ್ಟತಾರಂತ ಸುದ್ದಿ ಬಂತು. ಅದಕ್ಕ ಮೊದಲ ಕಡೀದೊಂದು ಮ್ಯಾಚ್ ಆಡೋಣು ಅಂದ್ರು. ಎದುರಿಗೆ ಯಾರು? ಸವದತ್ತಿ ಕಡೆ ಸಾಲಿ ಹುಡುಗ್ಯಾರು, ಏಳು ಮಂದಿ. ಹುಡುಗ್ಯಾರ ಬಯಲಿಗೆ ಇಳದು ಆಡತಾರಂದ್ರ ನನ್ನ ಯಾರ ತಡೀತಾರ? ಹೊಸ ಸೀರಿ ಉಟಗೊಂಡು ಹ್ವಾದೆ. ಗೋಲಿನ ಬಾಜೂಕನ ಕುರ್ಚಿ ಹಾಕಿಸಿದ್ರು. ಅತ್ತಿ ಇದ್ದಿದ್ರ ಆ ಕುರ್ಚಿ ನನಗ ಸಿಗತಿರಲಿಲ್ಲ.

ಮನಿಯವರು ಕೌದಿ ಪ್ಯಾಡು ಕಟಗೊಂಡು ನಿಂತಿದ್ರು. ಕಾಲಿಗೆ ಎಪ್ಪತ್ತು ದಾಟಿತ್ತು. ಎರಡು ಜಡಿ ಹಾಕಿದ ಒಬ್ಬ ಹುಡುಗಿ ಎಲ್ಲಾರನ್ನೂ ದಾಟಿಕೊಂಡು ಬಂದ್ಲು ನೋಡ್ರಿ, ಕೋಲು ಎತ್ತಿದ್ಲು. "ಅಯ್ಯ, ಇವರ ಮಣಕಾಲಾ!" ಅಂತ ನಾ ಗಟ್ಟಿ ಕಣ್ಣ ಮುಚ್ಚಿಕೊಂಡೆ.

ಮಂದಿ "ಹೋ" ಅಂದ್ರು. ಕಣ್ಣ ತಗದ್ರ ಬಾಲು ಒಳಗ.

"ಆತಲ್ಲ ನಿನ್ನ ಆಸೆ? ನೋಡಿದಿ?" ಅಂದ್ರು ಇವರು, ಮಾರಿ ಸಣ್ಣದು ಮಾಡಿ.

"ಇಲ್ಲರಿ, ಹೆದರಿ ಕಣ್ಣ ಮುಚ್ಚಿದ್ದೆ."

ಅವರು ಪ್ಯಾಡು ಬಿಗಿ ಮಾಡಿಕೊಂಡ್ರು. ಹೋಗಿ ನಿಂತ್ರು. ಮತ್ತ ಆ ಎರಡು ಜಡಿ ಹುಡುಗಿ ಬಂದ್ಲು, ಮತ್ತ ಕೋಲು ಎತ್ತಿದ್ಲು. ನಾ ಈ ಸಲ ರೆಪ್ಪಿ ಬಡೀಲಿಲ್ಲ. ಇಡೀ ಆಯುಷ್ಯದಾಗ ಬೇಕಂತ ಒಂದು ಬಾಲು ಬಿಡದ ಮನಶ್ಯಾ, ಬಾಗಲದಾಗ ಬೀಗರಿಗೆ ದಾರಿ ಬಿಟ್ಟಂಗ, ಮೆಲ್ಲಕ ಬದೀಗೆ ಸರದು ನಿಂತ್ರು. ಬಾಲು ಉರುಳಿಕೋತ, ನನ್ನ ಕಣ್ಣ ಮುಂದ, ಒಳಗ ಹ್ವಾತು.

ಕ್ಲಬ್ಬಿನ ಮುದುಕರೆಲ್ಲಾ ಬಾಯಿ ತಗದು ನಿಂತ್ರು. ರೆಫರಿ, ಇದು ಗೋಲು ಅನ್ನಬೇಕೋ ಬ್ಯಾಡೋ ತಿಳೀದ, ಸೀಟಿ ಬಾಯಾಗ ಇಟಗೊಂಡು ಹಂಗ ನಿಂತ. ಇವರು ಯಾರನ್ನೂ ನೋಡ್ಲಿಲ್ಲ. ನನ್ನ ಕಡೆ ತಿರಗಿ, ಬಯಲಿಗೆಲ್ಲಾ ಕೇಳೂ ಹಂಗ ಒದರಿದ್ರು:

"ಈಗ ಕಂಡ್ತೇನು?"

ನಾ ಕುರ್ಚಿ ಬಿಟ್ಟು ಎದ್ದು, ಕಂಡ್ತು ಅಂತ ಕೈ ಎತ್ತಿದೆ. ರೆಫರಿ ನನ್ನ ಕೈ ನೋಡಿದ. ಆಮ್ಯಾಲ ಸೀಟಿ ಊದಿದ.